ನಿಮ್ಮ ವಾರ್ಡ್ ನಂಬರ್ ಎಷ್ಟು?



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನೀವು ಈಗ ವಾಸ ಇರೋ ಮನೆ ಯಾವ ವಾರ್ಡಿಗೆ ಸೇರುತ್ತೆ? ಪುಣೆಯಲ್ಲಿ ಇದನ್ನ ಪ್ರಭಾಗ ಅಂತಾರೆ. ನಿಮ್ಮ ಪ್ರಭಾಗದ ನಂಬರ್ ಎಷ್ಟು? ನಿಮ್ಮ ನಗರಸೇವಕರ ಹೆಸರೇನು? ಉತ್ತರ ಗೊತ್ತಿದ್ದವರು ಕೈ ಎತ್ತಿ.

ಸರಿ, ಎರಡು ಕೈ. ಈಗ ಇನ್ನೊಂದು ಪ್ರಶ್ನೆ. ನಿಮ್ಮ ಊರಿನ ಎಂಎಲ್‌ಎ ಯಾರು? ನೋಡಿ, ಎಲ್ಲರ ಕೈಯೂ ಮೇಲೆ. ಧಾರವಾಡದ್ದು ಗೊತ್ತು, ದಾವಣಗೆರೆದು ಗೊತ್ತು, ಹಾಸನದ್ದು ಗೊತ್ತು. ಅಲ್ಲಿ ಯಾರು ಯಾವ ಪಕ್ಷ ಬಿಟ್ಟು ಯಾವ ಪಕ್ಷಕ್ಕೆ ಹೋದರು ಅನ್ನೋದೂ ಗೊತ್ತು. ಆದರೆ ನಾವು ದಿನಾ ಕುಡಿಯೋ ನೀರು, ಓಡಾಡೋ ರಸ್ತೆ, ಮಕ್ಕಳು ಆಡೋ ಮೈದಾನ ಇದೆಲ್ಲ ಯಾರ ಕೈಯಲ್ಲಿದೆ ಅಂತ ಗೊತ್ತಿಲ್ಲ. ಇದನ್ನ ದೂರು ಅಂತ ತಗೋಬೇಡಿ. ನಮ್ಮ ಬದುಕು ಇರೋದೇ ಹಾಗೆ. ಆದರೆ ಹಾಗೇ ಇರಬೇಕಾ ಅನ್ನೋದೇ ಇವತ್ತಿನ ಮಾತು.

ನಮ್ಮಲ್ಲಿ ಬಹಳ ಜನರ ಮನಸ್ಸಲ್ಲಿ ಒಂದು ವಾಕ್ಯ ಇದೆ: "ನಾವೇನು ಇಲ್ಲೇ ಇರ್ತೀವಾ? ನಾಲ್ಕು ವರ್ಷ ಕೆಲಸ ಮಾಡಿ ಬೆಂಗಳೂರಿಗೆ ಹೋಗಿಬಿಡ್ತೀವಿ." ಆ ನಾಲ್ಕು ವರ್ಷ ಎಂಟಾಗುತ್ತೆ, ಹನ್ನೆರಡಾಗುತ್ತೆ. ಹನ್ನೊಂದು ತಿಂಗಳ ಬಾಡಿಗೆ ಕರಾರು ಹತ್ತು ಸಲ ನವೀಕರಣ ಆಗುತ್ತೆ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಒಂದನೇ ಕ್ಲಾಸು ಸೇರಿ, ಮನೆಗೆ ಬಂದು ಮರಾಠಿ ಬಾಲಗೀತೆ ಹಾಡ್ತಾಳೆ. ನಾವು ಮಾತ್ರ ಮನಸ್ಸಲ್ಲಿ ಇನ್ನೂ ಬಸ್ ಸ್ಟ್ಯಾಂಡಿನಲ್ಲಿ ಕೂತಿರೋ ಪ್ರಯಾಣಿಕರ ಹಾಗೇ ಇರ್ತೀವಿ. ಬಸ್ ಸ್ಟ್ಯಾಂಡ್ ಗಲೀಜಾಗಿದ್ರೆ ಪ್ರಯಾಣಿಕ ಮೂಗು ಮುಚ್ಕೊಳ್ತಾನೆ, ಅಷ್ಟೇ.

ಮೂಗು ಮುಚ್ಕೊಂಡ್ರೆ ಸಾಲದು

ಪುಣೆ ಬೆಳೆದ ರೀತಿ ನೋಡಿ. 2017ರಲ್ಲಿ 11 ಹಳ್ಳಿಗಳನ್ನ ಪಾಲಿಕೆಗೆ ಸೇರಿಸಿದರು. 2021ರಲ್ಲಿ ಇನ್ನೂ 23. ಮ್ಹಾಳುಂಗೆ, ಸೂಸ್, ಬಾವಧನ್ ಬುದ್ರುಕ್, ವಾಘೋಲಿ, ಹೀಗೆ ನಮ್ಮ ಐಟಿ ಜನ ಫ್ಲ್ಯಾಟ್ ತಗೊಂಡ, ಬಾಡಿಗೆಗೆ ಹೋದ ಬಹಳಷ್ಟು ಜಾಗಗಳು ಈ ಪಟ್ಟಿಯಲ್ಲಿವೆ. ಹಿಂಜೆವಾಡಿ ಕಥೆಯೇ ಬೇರೆ. ಅಲ್ಲಿ ಒಂದು ಕಡೆ ಎಂಐಡಿಸಿ, ಇನ್ನೊಂದು ಕಡೆ ಪಿಎಂಆರ್‌ಡಿಎ, ಮತ್ತೊಂದು ಕಡೆ ಗ್ರಾಮ ಪಂಚಾಯ್ತಿ. ಆಫೀಸಿನ ಗೇಟಿನಿಂದ ಮನೆ ಗೇಟಿನವರೆಗೆ ಹತ್ತು ಕಿಲೋಮೀಟರ್ ಹೋಗೋದ್ರೊಳಗೆ ಮೂರು ನಾಲ್ಕು ಬೇರೆ ಬೇರೆ ಆಡಳಿತಗಳನ್ನ ದಾಟ್ತೀವಿ. ಗುಂಡಿ ಮಾತ್ರ ಎಲ್ಲ ಕಡೆ ಒಂದೇ ಥರ ಇರುತ್ತೆ!

ಹಳ್ಳಿ ಕಾಗದದಲ್ಲಿ ನಗರ ಆಗೋದು ಒಂದೇ ದಿನದಲ್ಲಿ. ನೀರಿನ ಪೈಪು, ಒಳಚರಂಡಿ, ಶುದ್ಧೀಕರಣ ಘಟಕ ಬರೋಕೆ ವರ್ಷಗಳು ಬೇಕು. ಈ ಎರಡರ ನಡುವಿನ ಅಂತರದಲ್ಲಿ ಏನಾಗುತ್ತೆ ಅಂತ 2025ರ ಜನವರಿಯಲ್ಲಿ ನೋಡಿದ್ವಿ. ಸಿಂಹಗಡ ರಸ್ತೆ ಕಡೆಯ ನಾಂದೇಡ್, ಕಿರ್ಕಟ್‌ವಾಡಿ, ಧಾಯರಿ ಭಾಗದಲ್ಲಿ ಗಿಯಾನ್ ಬಾರೆ ಸಿಂಡ್ರೋಮ್ ಕಾಣಿಸ್ಕೊಳ್ತು. ಜಿಬಿಎಸ್ ಅಂತ ಸುದ್ದಿಯಲ್ಲಿ ಬಂತಲ್ಲ, ಅದೇ. ನಡೆಯೋ ಕಾಲು ಇದ್ದಕ್ಕಿದ್ದ ಹಾಗೆ ಸೋಲುತ್ತೆ, ಕೆಲವರಿಗೆ ಉಸಿರಾಟಕ್ಕೂ ವೆಂಟಿಲೇಟರ್ ಬೇಕಾಗುತ್ತೆ. ಪುಣೆ ಭಾಗದಲ್ಲಿ ಶಂಕಿತ ಪ್ರಕರಣಗಳೂ ಸೇರಿ 200ಕ್ಕೂ ಹೆಚ್ಚು ವರದಿಯಾದವು. ಕಲುಷಿತ ನೀರಿನ ಕಡೆಗೇ ಬೆರಳು ಹೋಯ್ತು. ಇವು ಯಾವ ಊರುಗಳು? 2017ರಲ್ಲಿ, 2021ರಲ್ಲಿ ಹೊಸದಾಗಿ ನಗರಕ್ಕೆ ಸೇರಿದ ಊರುಗಳು.

ಇನ್ನೊಂದು ವಿಷಯ. ಪುಣೆ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗೀತು. ಮತ್ತೆ ಚುನಾವಣೆ ಆಗಿದ್ದು 2026ರ ಜನವರಿಯಲ್ಲಿ. ನಡುವೆ ಸುಮಾರು ನಾಲ್ಕು ವರ್ಷ ಆಯ್ಕೆಯಾದ ಒಬ್ಬ ನಗರಸೇವಕನೂ ಇರ್ಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ಅಂದ್ರೆ ಜಿಬಿಎಸ್ ಬಂದಾಗ "ನಮ್ಮ ವಾರ್ಡಿನ ನೀರು ಯಾಕೆ ಹೀಗಿದೆ" ಅಂತ ಕೊರಳಪಟ್ಟಿ ಹಿಡಿದು ಕೇಳೋಕೆ ಒಬ್ಬ ಪ್ರತಿನಿಧಿ ಇರ್ಲಿಲ್ಲ. ಬೆಂಗಳೂರಿನ ಕಥೆಯೂ ಗೊತ್ತಲ್ಲ, ಅಲ್ಲಿಯ ಪಾಲಿಕೆಯ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಆಮೇಲೆ ವರ್ಷಗಟ್ಟಲೆ ಅಲ್ಲೂ ಹೀಗೇ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದಲೇ ಜಾರಿಯಲ್ಲಿದೆ. ನಗರಕ್ಕೆ ಚುನಾಯಿತ ಸಭೆ ಇರಬೇಕು, ಮೂರು ಲಕ್ಷಕ್ಕಿಂತ ಜಾಸ್ತಿ ಜನ ಇರೋ ಕಡೆ ವಾರ್ಡ್ ಸಮಿತಿ ಇರಬೇಕು ಅಂತ ಬರೆದಿದೆ. ಬರೆದಿದ್ದು ತಾನಾಗೇ ನಡೆಯಲ್ಲ. ಕೇಳೋರು ಬೇಕು.

ಮೊದಲು ಪಟ್ಟಿಯಲ್ಲಿ ಹೆಸರು

ಕೇಳೋಕೆ ಮೊದಲ ಅರ್ಹತೆ ಮತದಾರರ ಪಟ್ಟಿ. ನಮ್ಮಲ್ಲಿ ಹೆಚ್ಚಿನವರ ಹೆಸರು ಇನ್ನೂ ಊರಲ್ಲೇ ಇದೆ. ಅಲ್ಲಿ ಮತ ಹಾಕೋಕೆ ಹೋಗೋದು ಐದು ವರ್ಷಕ್ಕೊಮ್ಮೆ, ಅದೂ ಬಸ್ ಟಿಕೆಟ್ ಸಿಕ್ಕಿದ್ರೆ. ಕಾನೂನು ಹೇಳೋದು ಸರಳ: ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡ್ತೀರೋ ಅಲ್ಲಿ ಹೆಸರಿರಬೇಕು, ಎರಡು ಕಡೆ ಇರೋ ಹಾಗಿಲ್ಲ. ವಾಸ ಬದಲಾದ್ರೆ ಫಾರ್ಮ್ 8. ಹೊಸದಾಗಿ ಸೇರೋರಿಗೆ ಫಾರ್ಮ್ 6. ಮೊಬೈಲಿನಲ್ಲೇ ತುಂಬಬಹುದು.

"ನಾನು ಬಾಡಿಗೆದಾರ, ನನಗೆಲ್ಲಿಂದ ವಿಳಾಸದ ದಾಖಲೆ" ಅಂತ ಬಹಳ ಜನ ಕೇಳ್ತಾರೆ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆ ಪ್ರಕಾರ ಹನ್ನೊಂದು ತಿಂಗಳ ಕರಾರನ್ನೂ ನೋಂದಣಿ ಮಾಡಿಸಲೇಬೇಕು. ಆ ನೋಂದಾಯಿತ ಕರಾರು ವಿಳಾಸದ ದಾಖಲೆ ಆಗುತ್ತೆ. ನಿಮ್ಮ ಈಮೇಲಿನಲ್ಲಿ ಎಲ್ಲೋ ಪಿಡಿಎಫ್ ಆಗಿ ಬಿದ್ದಿರುತ್ತೆ, ಹುಡುಕಿ ನೋಡಿ.

ಇದು ಯಾಕೆ ಮುಖ್ಯ? ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಾಡಿಗೆದಾರನಿಗೆ ಮತ ಇಲ್ಲ, ಸದಸ್ಯತ್ವ ಮಾಲೀಕರದ್ದು. ಆದರೆ ವಾರ್ಡಿನಲ್ಲಿ ಮಾಲೀಕನ ಮತಕ್ಕೂ ಬಾಡಿಗೆದಾರನ ಮತಕ್ಕೂ ಒಂದೇ ತೂಕ. ನಗರಸೇವಕರ ಕಚೇರಿಗೆ ಹೋದಾಗ ಅವರು ಬಾಯಿಬಿಟ್ಟು ಹೇಳದೇ ಇರಬಹುದು, ಆದರೆ ಮನಸ್ಸಲ್ಲಿ ಒಂದು ಲೆಕ್ಕ ಇದ್ದೇ ಇರುತ್ತೆ: ಇವರ ಬಿಲ್ಡಿಂಗಿನಲ್ಲಿ ಎಷ್ಟು ಮತ? ಐನೂರು ಫ್ಲ್ಯಾಟ್ ಇದ್ದು ಅರವತ್ತು ಮತ ಅಂದ್ರೆ, ಕೊಡೋ ಕುರ್ಚಿಯೂ ಅದಕ್ಕೆ ತಕ್ಕ ಹಾಗೇ ಇರುತ್ತೆ. ಮತ್ತೆ, ಚುನಾವಣೆ ಘೋಷಣೆ ಆದಮೇಲೆ ಓಡಾಡಿದ್ರೆ ಉಪಯೋಗ ಇಲ್ಲ. ಪಾಲಿಕೆ ಚುನಾವಣೆಗೆ ವಿಧಾನಸಭೆಯ ಪಟ್ಟಿಯನ್ನೇ ಒಂದು ನಿಗದಿತ ದಿನದವರೆಗಿನದ್ದು ತಗೊಂಡು ವಾರ್ಡ್ ಪ್ರಕಾರ ಒಡೀತಾರೆ. ಚುನಾವಣೆ ಇಲ್ಲದ ಕಾಲದಲ್ಲೇ ಈ ಕೆಲಸ ಮುಗಿಸ್ಕೋಬೇಕು.

ನಾಲ್ಕು ನೂರು ಮೀಟರ್ ರಸ್ತೆ

ಈಗ ನಾವು ಕೆಲವರು ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ಹೇಳ್ತೀನಿ. ದೊಡ್ಡ ಹೋರಾಟ ಏನಲ್ಲ. ನಮ್ಮ ಬಿಲ್ಡಿಂಗಿನಿಂದ ಮುಖ್ಯ ರಸ್ತೆಗೆ ಸುಮಾರು ನಾಲ್ಕು ನೂರು ಮೀಟರ್ ದಾರಿ. ಬೀದಿದೀಪ ಇಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ಬರೋ ಹೆಣ್ಣುಮಕ್ಕಳು ಮೊಬೈಲ್ ಟಾರ್ಚ್ ಹಿಡ್ಕೊಂಡು ಬರ್ತಿದ್ರು. ವಾಟ್ಸಾಪ್ ಗುಂಪಿನಲ್ಲಿ ನೂರಾ ನಲವತ್ತು ಜನ. "ಏನಾದ್ರೂ ಮಾಡ್ಬೇಕು" ಅಂತ ಒಬ್ಬರು ಹಾಕಿದ್ರೆ ಹೆಬ್ಬೆರಳಿನ ಚಿತ್ರ ಐವತ್ತು ಬೀಳ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕೆಳಗೆ ಬನ್ನಿ ಅಂದಾಗ ಬಂದೋರು ಆರು ಜನ. ಮೂರನೇ ಶನಿವಾರ ನಾಲ್ಕು. ಆ ನಾಲ್ಕು ಜನರಿಂದಲೇ ಆದದ್ದು ಮುಂದಿನದೆಲ್ಲ.

ನಾವು ಮೊದಲು ಮಾಡಿದ್ದು ಎಣಿಕೆ. ಎಷ್ಟು ಕಂಬ ಇವೆ, ಯಾವುದಕ್ಕೆ ನಂಬರ್ ಇದೆ, ಯಾವುದರಲ್ಲಿ ಬಲ್ಬ್ ಇಲ್ಲ, ಎಲ್ಲಿ ಕಂಬವೇ ಇಲ್ಲ. ಆಮೇಲೆ ರಸ್ತೆ ಯಾರದ್ದು ಅನ್ನೋ ಹುಡುಕಾಟ. ಅರ್ಧ ರಸ್ತೆ ಹಸ್ತಾಂತರ ಆಗಿದೆ, ಇನ್ನರ್ಧ ಇನ್ನೂ ಬಿಲ್ಡರ್ ಹೆಸರಲ್ಲೇ ಇದೆ. ಒಂದು ಕಚೇರಿ ಇನ್ನೊಂದನ್ನ ತೋರಿಸ್ತು, ಅದು ಮತ್ತೊಂದನ್ನ ತೋರಿಸ್ತು. ನಿವೃತ್ತರಾದ ಒಬ್ಬ ಮರಾಠಿ ಕಾಕಾ ನಮ್ಮ ಜೊತೆ ಇದ್ರು, ಪತ್ರ ಬರೆದುಕೊಟ್ಟಿದ್ದು ಅವರೇ. "ತುಮ್ಹೀ ಮುಲಂ ಲೈ ಲಾಂಬ್ ಲಿಹಿತಾ" ಅಂತ ನಗ್ತಿದ್ರು. ನೀವು ಹುಡುಗರು ಬಹಳ ಉದ್ದ ಬರೀತೀರಿ ಅಂತ. ನಾವು ಬರೆದ ಎರಡು ಪುಟ ಅವರ ಕೈಯಲ್ಲಿ ಎಂಟು ಸಾಲಾಯ್ತು.

ಆ ರಸ್ತೆಯ ಕೊನೆಗೆ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿವೆ. ಕಂಬ ಎಣಿಸ್ತಾ ಅಲ್ಲಿಗೆ ಹೋದಾಗ ಒಬ್ಬ ಅಮ್ಮ ತನ್ನ ಮಗನಿಗೆ ಬೈತಾ ಇದ್ರು. ಅಪ್ಪಟ ಕಲಬುರಗಿ ಕಡೆ ಕನ್ನಡ. ಪುಣೆಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರೋರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಬಹಳ ಜನ ಇದ್ದಾರೆ, ಅದು ಹೊಸ ಸಂಗತಿ ಅಲ್ಲ. ನಾವು ಕನ್ನಡದಲ್ಲಿ ಮಾತಾಡಿಸಿದ ಕೂಡ್ಲೇ ಆರೇಳು ಜನ ಬಂದು ನಿಂತ್ರು. ದೀಪದ ವಿಷಯ ಹೇಳಿದ್ವಿ. ಆ ಅಮ್ಮ ಹೇಳಿದ್ದು: "ಅಣ್ಣಾರ, ನಿಮಗ ರಾತ್ರಿ ಲೈಟ್ ಬೇಕು. ನಮಗ ನಸುಕಿನ್ಯಾಗ ಬೇಕ್ರಿ. ಐದಕ್ಕ ನೀರಿಗೆ ಹೋಗ್ತೀವಿ. ಸೈಟಿನವ್ರದು ನಾಕ್ ಲೈಟ್ ಅದಾವ, ಖರೆ ನಾವು ಎದ್ದು ಹೊರಗ ಬರೂದ್ರಾಗ ಅವು ಆರಿ ಹೋಗಿರ್ತಾವ."

ಸೈಟಿನ ದೀಪಗಳಿಗೆ ಟೈಮರ್ ಹಾಕಿದ್ರು, ಬೆಳಗಿನ ಐದಕ್ಕೆ ಆಫ್ ಆಗೋ ಹಾಗೆ. ಆ ಸಮಯದಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಎದ್ದಿರಲ್ಲ, ಹಾಗಾಗಿ ನಮ್ಮ ಲೆಕ್ಕದ ಹಾಳೆಯಲ್ಲಿ ಆ ಕಾಲಮ್ಮೇ ಇರ್ಲಿಲ್ಲ. ಸೈಟಿನ ಎಲೆಕ್ಟ್ರಿಷಿಯನ್ ಹತ್ರ ಹೋಗಿ ಕೇಳಿದ್ವಿ. ಅವತ್ತೇ ಸಂಜೆ ಟೈಮರನ್ನ ಆರೂಮುಕ್ಕಾಲಿಗೆ ತಿರುಗಿಸಿದ. ಪತ್ರ ಇಲ್ಲ, ಅರ್ಜಿ ಇಲ್ಲ. ಹಸ್ತಾಂತರ ಆದ ಅರ್ಧ ರಸ್ತೆಗೆ ದೀಪ ಬರೋಕೆ ಏಳು ತಿಂಗಳು ಹಿಡೀತು. ಇನ್ನರ್ಧ ಇವತ್ತಿಗೂ ಬಾಕಿ ಇದೆ, ಪತ್ರ ಓಡಾಡ್ತಾ ಇದೆ.

ಇದರಿಂದ ನನಗೆ ಅರ್ಥ ಆಗಿದ್ದು ಇಷ್ಟು. ರಸ್ತೆಯ ಸಮಸ್ಯೆ ರಸ್ತೆಯಲ್ಲಿ ನಡೆಯೋರಿಗೆ ಗೊತ್ತಿರುತ್ತೆ. ಫ್ಲ್ಯಾಟಿನವರಷ್ಟೇ ಸೇರಿ ಮಾಡಿದ ಪಟ್ಟಿ ಅರ್ಧ ಪಟ್ಟಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳ್ತೀನಿ, ಫ್ಲ್ಯಾಟಿನವರದ್ದೇ ಗುಂಪಾದ್ರೆ ಬೇಡಿಕೆಗಳೂ ಬೇಗ ಕೆಟ್ಟ ದಾರಿ ಹಿಡೀತವೆ. "ತರಕಾರಿ ಗಾಡಿ ತೆಗೆಸಿ", "ಶೆಡ್ಡು ತೆಗೆಸಿ", "ಅವರ ಮಕ್ಕಳು ನಮ್ಮ ಪಾರ್ಕಿಗೆ ಬರ್ತಾರೆ". ಇದನ್ನ ನಾಗರಿಕ ಪ್ರಜ್ಞೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಅವರಿಗೂ ಹಕ್ಕಿದೆ. ಈ ನಗರದಲ್ಲಿ ಕಸ ಆಯೋರು 1993ರಲ್ಲಿ ಸಂಘ ಕಟ್ಕೊಂಡ್ರು, 2008ರಲ್ಲಿ ತಮ್ಮದೇ ಸಹಕಾರಿ ಸಂಸ್ಥೆ ಸ್ವಚ್ಛ್ ಮೂಲಕ ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡು ಮನೆಮನೆ ಕಸ ಸಂಗ್ರಹಿಸೋ ಕೆಲಸ ತಗೊಂಡ್ರು. ಪುಣೆಯ ಅತಿ ದೊಡ್ಡ ನಾಗರಿಕ ಕೆಲಸಗಳಲ್ಲಿ ಒಂದನ್ನ ಮಾಡಿ ತೋರಿಸಿದ್ದು ಲ್ಯಾಪ್‌ಟಾಪ್ ಇದ್ದವರಲ್ಲ.

ನಮ್ಮ ಕೈಯಲ್ಲಿರೋ ಸಾಧನ

ಹಾಗಂತ ನಮ್ಮ ಕಸುಬಿನಿಂದ ಏನೂ ಉಪಯೋಗ ಇಲ್ಲ ಅಂತಲ್ಲ. ಒಳ್ಳೆಯ ಬಗ್ ರಿಪೋರ್ಟ್ ಬರೆಯೋಕೆ ಬರೋರಿಗೆ ಒಳ್ಳೆಯ ಅರ್ಜಿ ಬರೆಯೋಕೂ ಬರುತ್ತೆ. ಜಾಗ ಯಾವುದು, ಕಂಬದ ನಂಬರ್ ಏನು, ಯಾವತ್ತಿಂದ, ಫೋಟೋ, ಏನಾಗಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ. ನೀರು, ರಸ್ತೆ, ನಾಯಿ, ಪಾರ್ಕಿಂಗ್ ಎಲ್ಲ ಒಂದೇ ಪತ್ರದಲ್ಲಿ ತುರುಕಿದ್ರೆ ಅದು ನಾಲ್ಕು ಇಲಾಖೆಗಳ ನಡುವೆ ಕಳೆದುಹೋಗುತ್ತೆ. ಆವಕ್-ಜಾವಕ್ ಕೌಂಟರಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಠಸ್ಸೆ ಮತ್ತು ನಂಬರ್ ಹಾಕಿಸ್ಕೊಳ್ಳಿ. ಇಲ್ಲಿ ಅದಕ್ಕೆ ಪೋಚ್ ಅಂತಾರೆ. ಪೋಚ್ ಇಲ್ಲದ ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ.

ಉತ್ತರ ಬರದಿದ್ರೆ ಮಾಹಿತಿ ಹಕ್ಕು. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಮಾಹಿತಿ ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. "ದೀಪ ಯಾಕೆ ಹಾಕಿಲ್ಲ" ಅಂತ ಕೇಳಬೇಡಿ, ಅದು ಜಗಳ. "ಈ ರಸ್ತೆಯ ಹಸ್ತಾಂತರ ಪತ್ರದ ಪ್ರತಿ ಕೊಡಿ", "ಈ ಕೆಲಸದ ಮಂಜೂರಾತಿ ಆದೇಶದ ಪ್ರತಿ ಕೊಡಿ" ಅಂತ ಕೇಳಿ, ಅದು ದಾಖಲೆ. ಇದಕ್ಕಿಂತ ಸುಲಭದ ದಾರಿಯೂ ಇದೆ. ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಸ್ಥಳೀಯ ಸಂಸ್ಥೆಗಳ ಕಚೇರಿಗಳಲ್ಲಿ ನಾಗರಿಕರು ಕಡತ ನೋಡಬಹುದು ಅಂತ ಮಹಾರಾಷ್ಟ್ರ ಸರ್ಕಾರ 2018ರಲ್ಲೇ ಆದೇಶ ಮಾಡಿದೆ. ಈ ಪದ್ಧತಿ ಪುಣೆಯಲ್ಲಿ ಅದಕ್ಕೂ ಮೊದಲೇ ಇತ್ತು.

ಇನ್ನು ಬಜೆಟ್. 2006ರಿಂದ ಪುಣೆಯಲ್ಲಿ ನಾಗರಿಕರೇ ತಮ್ಮ ಪ್ರಭಾಗಕ್ಕೆ ಸಣ್ಣ ಸಣ್ಣ ಕೆಲಸ ಸೂಚಿಸೋ ವ್ಯವಸ್ಥೆ ಇದೆ. ಫುಟ್‌ಪಾತ್, ಬೀದಿದೀಪ, ಬೆಂಚು, ಬಸ್ ನಿಲ್ದಾಣ ಇಂಥವು. ವರ್ಷಕ್ಕೊಮ್ಮೆ ಅರ್ಜಿ ಕರೀತಾರೆ. ತುಂಬೋರು ಬಹಳ ಕಡಿಮೆ. ನೀವು ತುಂಬಿ.

ಬೇರೆ ನಗರಗಳಲ್ಲಿರೋ ಗೆಳೆಯರಿಗೆ ಒಂದು ಮಾತು. ಹೆಸರು ಬೇರೆ, ಬಾಗಿಲು ಇದ್ದೇ ಇರುತ್ತೆ. ಚೆನ್ನೈ ಪಾಲಿಕೆಯಲ್ಲಿ 200 ವಾರ್ಡ್, ಮುಂಬೈಯಲ್ಲಿ 227, ದೆಹಲಿಯಲ್ಲಿ 250. ಚೆನ್ನೈಯಲ್ಲಿ ಏರಿಯಾ ಸಭೆ, ಮುಂಬೈಯಲ್ಲಿ ಎಎಲ್‌ಎಂ ಅಂತ ಕರೆಯೋ ಗಲ್ಲಿ ಮಟ್ಟದ ನಾಗರಿಕ ಗುಂಪುಗಳು, ದೆಹಲಿಯಲ್ಲಿ ಆರ್‌ಡಬ್ಲ್ಯೂಎ. ನಿಮ್ಮ ಬಾಗಿಲು ಯಾವುದು ಅಂತ ಕಂಡುಕೊಳ್ಳಿ.

ಒಂದು ಎಚ್ಚರಿಕೆ. ಸಮಸ್ಯೆ ಕಂಡ ಕೂಡ್ಲೇ ಆ್ಯಪ್ ಮಾಡೋಣ, ಡ್ಯಾಶ್‌ಬೋರ್ಡ್ ಮಾಡೋಣ ಅನ್ನೋದು ನಮ್ಮ ಜನರ ಚಾಳಿ. ದೂರು ಕೊಡೋ ಆ್ಯಪ್ ಈಗಾಗಲೇ ಇದೆ. ಇಲ್ಲದೇ ಇರೋದು ಬೆನ್ನು ಹತ್ತೋ ಮನುಷ್ಯ. ಒಂದೇ ವಿಷಯಕ್ಕೆ ನಾಲ್ಕು ಸಲ ಹೋಗಿ, ಕಿರಿಯ ಎಂಜಿನಿಯರ್ ಜೊತೆ ಚಹಾ ಕುಡಿದು, ಅವರ ಕಷ್ಟವೂ ಕೇಳಿ ಬರೋರು ಬೇಕು. ಅದನ್ನ ಆಟೊಮೇಟ್ ಮಾಡೋಕಾಗಲ್ಲ.

ಭಾಷೆ ಮತ್ತು ಹಬ್ಬ

ಬೆಂಗಳೂರಿಗೆ ಬಂದೋರು ಕನ್ನಡ ಕಲೀಲಿ ಅಂತ ನಾವೆಲ್ಲ ಹೇಳ್ತೀವಿ. ನ್ಯಾಯವಾದ ಮಾತು. ಅದೇ ನ್ಯಾಯ ಇಲ್ಲಿ ನಮಗೂ ಸಲ್ಲುತ್ತೆ. ಬೆಳಗಾವಿ, ಬೀದರ್ ಕಡೆಯವರಿಗೆ ಮರಾಠಿ ಕಷ್ಟ ಇಲ್ಲ. ಮೈಸೂರು, ಮಂಗಳೂರು ಕಡೆಯವರು ಹಿಂದಿ, ಇಂಗ್ಲಿಷಿನಲ್ಲೇ ಹತ್ತು ವರ್ಷ ತಳ್ತಾರೆ. ವಾರ್ಡ್ ಕಚೇರಿಯಲ್ಲಿ, ಮಂಡಳದ ಸಭೆಯಲ್ಲಿ ಇಂಗ್ಲಿಷ್ ಮಾತಾಡಿದ್ರೆ ಗೌರವ ಸಿಗಬಹುದು, ಕೆಲಸ ಆಗೋದು ಕಷ್ಟ. ಹರುಕುಮುರುಕು ಮರಾಠಿ ಸಾಕು. ತಪ್ಪಾದ್ರೆ ನಗ್ತಾರೆ, ನಕ್ಕ ಮೇಲೆ ಕುರ್ಚಿ ಕೊಡ್ತಾರೆ.

ಮರಾಠಿ ಕಲಿತ್ರೆ ಕನ್ನಡ ಕಮ್ಮಿಯಾಗುತ್ತಾ? ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರು ಮಾಡಿದ್ರು. ಇವತ್ತು ಅದು ಪುಣೆಯದೇ ಹಬ್ಬ. ಇಲ್ಲಿಯವರಿಗೆ ಅದಿಲ್ಲದೆ ಡಿಸೆಂಬರ್ ಇಲ್ಲ. ಗುರು ಕನ್ನಡನಾಡಿನವರು, ಶಿಷ್ಯರೂ ಕನ್ನಡನಾಡಿನವರು, ಉತ್ಸವ ಮಾತ್ರ ಎಲ್ಲರದ್ದು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಮುಂಬೈಯ ಚೌಪಾಟಿ ಬೆಂಚಿನ ಮೇಲೆ ಮಲಗಿ ದಿನ ಕಳೆದವರು. 1961ರಲ್ಲಿ ಅದೇ ಊರಿನ ಪಾಲಿಕೆಗೆ ಆಯ್ಕೆಯಾದ್ರು, 1967ರಲ್ಲಿ ಲೋಕಸಭೆಗೆ. ಅವರ ರಾಜಕೀಯ ನಿಮಗೆ ಒಪ್ಪಿಗೆ ಆಗಲಿ ಬಿಡಲಿ, ಊರನ್ನ ತನ್ನದು ಅಂದುಕೊಳ್ಳೋಕೆ ಅವರು ಫ್ಲ್ಯಾಟ್ ಕೊಳ್ಳೋವರೆಗೆ ಕಾಯಲಿಲ್ಲ.

ನಮ್ಮ ರಾಜ್ಯೋತ್ಸವ ಹೇಗೆ ನಡೆಯುತ್ತೆ? ಹಾಲ್ ಬುಕ್ ಮಾಡ್ತೀವಿ, ಮಕ್ಕಳ ನೃತ್ಯ, ಅಂತ್ಯಾಕ್ಷರಿ, ಬಿಸಿಬೇಳೆಬಾತ್, ಮನೆಗೆ. ಚೆನ್ನಾಗಿದೆ, ಇರಲಿ. ಅದರ ಜೊತೆ ಒಂದು ಟೇಬಲ್ ಸೇರಿಸಿ. ಅಲ್ಲಿ ಫಾರ್ಮ್ 8 ತುಂಬಿಸೋಕೆ ಇಬ್ಬರು ಕೂತಿರಲಿ. ಊಟಕ್ಕೆ ಶೆಡ್ಡಿನ ಮಕ್ಕಳನ್ನೂ ಕರೀರಿ, ವೇದಿಕೆ ಮೇಲೆ ಅವರೂ ಒಂದು ಹಾಡು ಹೇಳಲಿ. ಅವರ ಕನ್ನಡ ನಮ್ಮ ಮಕ್ಕಳ ಕನ್ನಡಕ್ಕಿಂತ ಗಟ್ಟಿ ಇದೆ. ಅಕ್ಕಪಕ್ಕದ ಮರಾಠಿಯವರನ್ನ ಕರೀರಿ. ಅವರ ಗಣಪತಿ ಮಂಡಳಕ್ಕೆ ನೀವೂ ಹೋಗಿ. ವರ್ಗಣಿ ಕೊಟ್ಟು ಆರತಿಗೆ ಬಾರದೇ ಇರೋ ಫ್ಲ್ಯಾಟಿನವರು ಅನ್ನೋ ಹೆಸರು ನಮಗೆ ಬೇಡ. ಮಂಡಪದಲ್ಲಿ ಜೊತೆಗೆ ಕುರ್ಚಿ ಎತ್ತಿಟ್ಟವರು ಜೂನ್ ಮಳೆಯಲ್ಲಿ ಚರಂಡಿ ಉಕ್ಕಿದಾಗ ಜೊತೆಗೆ ನಿಲ್ತಾರೆ.

ರಾಜಕೀಯದ ಭಯ ಕೆಲವರಿಗೆ. ದೀಪ ಬಂದ ಮಾರನೇ ದಿನ ಯಾರೋ ನಾಯಕರ ಫ್ಲೆಕ್ಸ್ ಬರುತ್ತೆ, "ನಮ್ಮ ಪ್ರಯತ್ನದಿಂದ" ಅಂತ. ಬರಲಿ ಬಿಡಿ. ಧನ್ಯವಾದದ ಪತ್ರವನ್ನ ಎಲ್ಲ ಪಕ್ಷದವರಿಗೂ, ಕೆಲಸ ಮಾಡಿದ ಲೈನ್‌ಮನ್‌ಗೂ ಕೊಡಿ. ಗುಂಪಿನಲ್ಲಿ ಪಕ್ಷದ ಫಾರ್ವರ್ಡ್ ಹಾಕಬೇಡಿ. ಇಷ್ಟು ಶಿಸ್ತಿದ್ರೆ ಗುಂಪು ಉಳಿಯುತ್ತೆ.

ಸಮಯ ಎಲ್ಲಿದೆ ಅಂತೀರಿ. ತಿಂಗಳಿಗೆ ಎರಡು ಗಂಟೆ ಸಾಕು. ಮೊದಲ ತಿಂಗಳು ವಾರ್ಡ್ ನಂಬರ್ ತಿಳ್ಕೊಂಡು ಫಾರ್ಮ್ 8 ತುಂಬಿ. ಎರಡನೇ ತಿಂಗಳು ನಿಮ್ಮ ಬೀದಿಯಲ್ಲಿ ಒಮ್ಮೆ ನಡೀರಿ, ವಾಚ್‌ಮನ್, ಕಸ ತಗೊಂಡು ಹೋಗೋ ಅಕ್ಕ, ತರಕಾರಿ ಗಾಡಿಯವರು ಈ ಮೂವರ ಹತ್ರ ಏನು ಕಷ್ಟ ಅಂತ ಕೇಳಿ. ಮೂರನೇ ತಿಂಗಳು ಒಂದೇ ಒಂದು ಅರ್ಜಿ ಕೊಟ್ಟು ಪೋಚ್ ತಗೊಳ್ಳಿ. ನಾಳೆ ನಿಜವಾಗ್ಲೂ ಬೆಂಗಳೂರಿಗೆ ವಾಪಸ್ ಹೋದ್ರೂ ಇದು ವ್ಯರ್ಥ ಅಲ್ಲ. ಈ ಅಭ್ಯಾಸ ನಿಮ್ಮ ಜೊತೆ ಬರುತ್ತೆ, ಅಲ್ಲಿ ಇದರ ಅಗತ್ಯ ಇಲ್ಲಿಗಿಂತ ಕಮ್ಮಿ ಏನಿಲ್ಲ. ದೀಪ ಮಾತ್ರ ಇಲ್ಲೇ ಉಳಿಯುತ್ತೆ, ನಮ್ಮ ನಂತರ ಆ ಫ್ಲ್ಯಾಟಿಗೆ ಬಾಡಿಗೆಗೆ ಬರೋ ಇನ್ಯಾವುದೋ ಊರಿನವರಿಗೆ.